ಕೆಂಪು ಚೀಟಿ ಬಿದ್ದ ಪೆಟ್ಟಿಗೆ

ಕಾರ್ಖಾನೆಯಲ್ಲಿ ಅವಳಿಗೆ ಕೆಂಪುಚೀಟಿ ಎಂದೇ ಹೆಸರು. ಇಟ್ಟವನು ಒಡಹುಟ್ಟಿದ ತಮ್ಮ. ಅವನು ಮರಗೆಲಸದ ಶೆಡ್ಡಿನಲ್ಲಿ ಸ್ಪೀಕರಿನ ಪೆಟ್ಟಿಗೆ ಮಾಡುತ್ತಿದ್ದ. ಅದರೊಳಗೆ ಸರ್ಕ್ಯೂಟು, ವೈರು, ಸ್ಪೀಕರು ಎಲ್ಲ ಕೂತ ಮೇಲೆ ಕೊನೆಗೆ ಬರುತ್ತಿದ್ದದ್ದು ಅವಳ ಕೋಣೆಗೆ. ಅವಳು ಒಪ್ಪಿದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು.

"ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಉಜ್ಜಿ ಉಜ್ಜಿ ಕಳಿಸ್ತೀನಿ. ಈ ಮಹಾತಾಯಿ ಹಣೆಗೆ ಕೆಂಪು ಬಡಿದು ವಾಪಸ್ ಅಟ್ತಾಳೆ," ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಗೋಳಾಡುತ್ತಿದ್ದ.

"ತಪ್ಪು ನಿನ್ನ ಮರದ್ದಲ್ಲ ಕಣೋ, ಒಳಗಿನ ಸರ್ಕ್ಯೂಟಿಂದು."

"ಚೀಟಿ ಅಂಟೋದು ನನ್ನ ಮರಕ್ಕೆ ತಾನೇ? ಮರ್ಯಾದೆ ಹೋಗೋದು ನಂದು."

ಹಾಡು ಮಾಡುವ ಸ್ಟುಡಿಯೋಗಳಿಗೆ ಹೋಗುವ ಸ್ಪೀಕರುಗಳು ಅವು. ಆಂಪ್ಲಿಫೈಯರ್ ಬೇರೆ ಇರುವುದಿಲ್ಲ, ಪೆಟ್ಟಿಗೆಯ ಹೊಟ್ಟೆಯಲ್ಲೇ ಇರುತ್ತದೆ. ಅದಕ್ಕೇ ಅವಕ್ಕೊಂದು ರೋಗ. ಕರೆಂಟು ಕೊಟ್ಟರೆ ಸಾಕು. ಹಾಡಿಲ್ಲ, ಮಾತಿಲ್ಲ, ಹಾಡಿನ ವೈರನ್ನೇ ಸಿಕ್ಕಿಸಿಲ್ಲ, ಆದರೂ ಮೇಲಿನ ಚಿಕ್ಕ ಸ್ಪೀಕರು ಸ್ಸ್ಸ್ ಎನ್ನುತ್ತಲೇ ಇರುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ನಲ್ಲಿಯನ್ನು ಪೂರ್ತಿ ತಿರುಗಿಸದೆ ಬಂದ ಹಾಗೆ. ಈ ಸದ್ದು ಸ್ವಲ್ಪವೂ ಇಲ್ಲದ ಪೆಟ್ಟಿಗೆಯನ್ನು ಅವಳು ಕಂಡಿರಲಿಲ್ಲ. ಎಷ್ಟಿದೆ ಎನ್ನುವುದೇ ಪ್ರಶ್ನೆ. ಅದನ್ನು ಅಳೆಯುವುದರಲ್ಲೇ ಕೆಂಪುಚೀಟಿಯ ಹನ್ನೊಂದು ವರ್ಷ ಕಳೆದಿತ್ತು.

ಅವಳಿಗಿದ್ದದ್ದು ಒಂದೇ ಕಿವಿ. ಮದುವೆಯಾದ ಎರಡನೇ ವರ್ಷ ಗಂಡ ಮಾಡಿದ ಕಪಾಳಮೋಕ್ಷಕ್ಕೆ ಎಡಗಿವಿಯ ತಮಟೆ ಹರಿದಿತ್ತು. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಮುಂಗೈ ಮುರಿದು, ಕುತ್ತಿಗೆವರೆಗೆ ಇಳಿದ ರಕ್ತವನ್ನು ಒರೆಸಿಕೊಳ್ಳದೆ, ಒಂದು ಚೀಲ ಹಿಡಿದು ತಮ್ಮನ ಮನೆಗೆ ನಡೆದಳು. ತಮ್ಮ ಬಾಗಿಲು ತೆರೆದ. ಏನಾಯಿತು ಎಂದೂ ಕೇಳಲಿಲ್ಲ. ಉಳಿದ ಬಲಗಿವಿ ಎರಡರ ಕೆಲಸ ಮಾಡಲು ಕಲಿಯಿತು, ಅದೇ ಅವಳಿಗೆ ಅನ್ನ ಕೊಟ್ಟಿತು.

ಅವಳ ಕೋಣೆ ಉದ್ದನೆಯ ಓಣಿಯ ಕೊನೆಯಲ್ಲಿತ್ತು. ಗೋಡೆಗೆ ಗೇಣು ದಪ್ಪದ ಸ್ಪಂಜು, ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲ ಅಂಚಿನಲ್ಲಿ ಹೊರಗಿನ ಸದ್ದು ತಡೆಯುವ ರಬ್ಬರು ಹರಿದು ಆರು ತಿಂಗಳಾಗಿತ್ತು; ಬದಲಿಸಿ ಎಂದು ರಿಜಿಸ್ಟರಿನಲ್ಲಿ ಬರೆದು ಬರೆದು ಅವಳ ಕೈ ಸೋತಿತ್ತು. ಪೆಟ್ಟಿಗೆಯನ್ನು ಬಿಸಿಯಾಗಲು ಬಿಟ್ಟು, ಮುಂದೆ ಮೈಕು ನಿಲ್ಲಿಸಿ, ಮೂರು ನಿಮಿಷ ಅದರ ಸದ್ದನ್ನಷ್ಟೇ ರೆಕಾರ್ಡು ಮಾಡಬೇಕು. ಮೈಕು ಎಂಥದೆಂದರೆ ಅವಳ ಹೊಟ್ಟೆ ಗುರುಗುಟ್ಟಿದರೂ ಮೀಟರಿನ ಮುಳ್ಳು ಕುಣಿಯುತ್ತಿತ್ತು. ಪಾಸಾದವುಗಳ ರೆಕಾರ್ಡನ್ನು ಶನಿವಾರ ಅಳಿಸಿಬಿಡುತ್ತಿದ್ದರು. ಕೆಂಪು ಚೀಟಿ ಬಿದ್ದವನ್ನು ಮಾತ್ರ ಒಂದು ವರ್ಷ ಇಡಬೇಕು, ಬಿಡಿಭಾಗ ಕೊಟ್ಟವನು ತಕರಾರು ತೆಗೆದರೆ ಮುಖಕ್ಕೆ ಹಿಡಿಯಲು.

ಆ ಹನ್ನೊಂದನೇ ವರ್ಷ ಆಡಳಿತದವರು ಹದಿನೆಂಟು ಜನರನ್ನು ಒಂದೇ ಕಾಗದದಲ್ಲಿ ಕಿತ್ತೆಸೆದರು. ಮರಗೆಲಸದ ಶೆಡ್ಡು ಅರ್ಧ ಖಾಲಿ. ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ನಿಲ್ಲಿಸಿ ಅಂಗಳದಲ್ಲಿ ಕೂರುವುದೆಂದು ಸಂಘ ತೀರ್ಮಾನಿಸಿತು. ತಮ್ಮನೇ ಮುಂದಾಳು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವಳ ಕೋಣೆಯೊಳಗೆ ತಲೆ ತೂರಿಸಿದ.

"ಬಾ ಅಕ್ಕ, ಹೊತ್ತಾಯ್ತು."

"ಇದೊಂದು ಪೆಟ್ಟಿಗೆ ಮುಗಿಸಿ ಬರ್ತೀನಿ. ಬಿಸಿಯಾಗ್ತಿದೆ, ಅರ್ಧಕ್ಕೆ ಬಿಟ್ಟರೆ ಮತ್ತೆ ಮೊದಲಿಂದ ಕಾಯಬೇಕು."

"ಕೆಲಸ ನಿಲ್ಲಿಸೋಕೆ ಹೊರಟವಳ ಚಂದ ನೋಡು! ಆಯ್ತು ತಾಯಿ, ಮುಗಿಸಿಯೇ ಬಾ. ಕ್ರಾಂತಿ ಕಾಯುತ್ತೆ."

ಅವಳು ಚಿಲಕ ಹಾಕಿಕೊಂಡಳು.

ಕ್ರಾಂತಿ ಕಾಯಲಿಲ್ಲ. ಹನ್ನೊಂದೂ ಹತ್ತಕ್ಕೆ ಗೇಟಿನ ಸೆಕ್ಯೂರಿಟಿಯವರು, ಅವರ ಜೊತೆ ಹಿಂದಿನ ದಿನವಷ್ಟೇ ಕರೆತಂದಿದ್ದ ನಲವತ್ತು ಹೊಸ ಮುಖಗಳು, ಸ್ಟೋರಿನಿಂದ ಕಬ್ಬಿಣದ ಪೈಪು ಹಂಚಿಕೊಂಡು ಅಂಗಳಕ್ಕೆ ನುಗ್ಗಿದರು. ಏಳಿ ಎಂದೂ ಹೇಳಲಿಲ್ಲ. ಕೂತವರ ತಲೆಯ ಮೇಲೆಯೇ ಇಳಿಸಿದರು. ಪ್ಯಾಕಿಂಗಿನ ಹೆಂಗಸೊಬ್ಬಳ ಭುಜದ ಮೂಳೆ ಲಟಕ್ಕನೆ ಮುರಿಯಿತು. ನಿವೃತ್ತಿಗೆ ಎರಡು ತಿಂಗಳಿದ್ದ ಪೇಂಟರು ಸಿಮೆಂಟಿನ ಮೇಲೆ ತನ್ನದೇ ಹಲ್ಲುಗಳನ್ನು ತಡಕಾಡಿದ. ಓಡಿದವರನ್ನು ಅಟ್ಟಿಸಿಕೊಂಡು ಹೋಗಿ ಮೊಣಕಾಲಿಗೆ ಹೊಡೆದರು. ತಮ್ಮನ ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ಅವನು ಓಣಿಗೆ ನುಗ್ಗಿದ. ಆ ಕಡೆ ಒಳಗಿನಿಂದ ಚಿಲಕವಿರುವ ಬಾಗಿಲು ಒಂದೇ.

ಒಳಗೆ ರೆಕಾರ್ಡಿನ ದೀಪ ಉರಿಯುತ್ತಿತ್ತು. ಪೆಟ್ಟಿಗೆ ಸ್ಸ್ಸ್ ಎನ್ನುತ್ತಿತ್ತು. ಬಾಗಿಲ ಮೇಲೆ ಅಂಗೈ ಬಡಿಯಿತು.

"ಅಕ್ಕಾ, ಬಾಗಿಲು ತೆಗಿ. ನಾನು. ಅಕ್ಕಾ!"

ಅವಳು ಎದ್ದಳು. ಚಿಲಕದ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಬೂಟುಗಳ ಸದ್ದು ಬಂತು. ಕೈ ಅಲ್ಲೇ ಇತ್ತು, ಅಲುಗಲಿಲ್ಲ. ಒಂಬತ್ತು ಸೆಕೆಂಡು. ಆಮೇಲೆ ಮೊದಲ ಏಟು ಬಿತ್ತು. ಬಾಗಿಲು ಅದುರಿದ್ದು ಅವಳ ಅಂಗೈಗೆ ತಾಗಿತು. ಇನ್ನೊಂದು. ಮತ್ತೊಂದು. ನಡುವೆ ಯಾವ ಅವಸರವೂ ಇಲ್ಲದ ತಗ್ಗಿದ ದನಿ: "ಕಾಲಿಗೆ ಸಾಕು. ತಲೆಗೆ ಹಾಕಿ. ಇವನು ಏಳಬಾರದು." ಆ ದನಿ ಸೆಕ್ಯೂರಿಟಿಯ ಮುಖ್ಯಸ್ಥನದು, ಎಲ್ಲರೂ ಮೀಸೆ ಎನ್ನುತ್ತಿದ್ದವನದು. ದನಿ ಎತ್ತರಿಸದೆಯೇ ಜನರನ್ನು ನಡುಗಿಸುವುದು ಅವನಿಗಿದ್ದ ಹೆಮ್ಮೆ.

ಬೂಟುಗಳು ಹೋದವು. ಮೂರು ನಿಮಿಷ ಮುಗಿದು ಮೀಟರಿನ ಪಕ್ಕ ಕೆಂಪು ದೀಪ ಹತ್ತಿತು. ಆಗ ಅವಳ ಕೈ ದಿನವೂ ಮಾಡುವುದನ್ನೇ ಮಾಡಿತು. ಕೆಂಪು ಚೀಟಿ ಹರಿದು ಪೆಟ್ಟಿಗೆಗೆ ಅಂಟಿಸಿತು. ರಿಜಿಸ್ಟರಿನಲ್ಲಿ ಬರೆಯಿತು: ಹನ್ನೊಂದು ಹದಿನಾಲ್ಕು, ಸದ್ದು ಮಿತಿ ಮೀರಿದೆ. ಅದಾದ ಮೇಲೆ ಚಿಲಕ ತೆಗೆದಳು. ಬಾಗಿಲಿಗೆ ಒರಗಿದ್ದ ತಮ್ಮ ಒಳಕ್ಕೆ ಬಿದ್ದ. ತಲೆಯ ಹಿಂಭಾಗ ಬಟ್ಟಲಿನ ಹಾಗೆ ಒಳಗೆ ಹೋಗಿತ್ತು.

ಮಾಲು ಏರಿಸುವ ಕಟ್ಟೆಯಿಂದ ಕಾಲು ಜಾರಿ ಬಿದ್ದ, ಯಾರೋ ಅವನನ್ನು ಎತ್ತಿಕೊಂಡು ಬಂದು ಓಣಿಯಲ್ಲಿ ಮಲಗಿಸಿದರು ಎಂದಿತು ಆಡಳಿತ. ಕ್ಯಾಮರಾಗಳು ಅವತ್ತೇ ರಿಪೇರಿಯಲ್ಲಿದ್ದವಂತೆ. ತಾನು ಗೇಟು ಬಿಟ್ಟು ಕದಲಿಲ್ಲ ಎಂದ ಮೀಸೆ. ಸರ್ಕಾರ ನೇಮಿಸಿದ ವಿಚಾರಣಾಧಿಕಾರಿಯ ಕಡೆಯವರು ಕೆಂಪುಚೀಟಿಯನ್ನು ಕೇಳಿದರು. "ನನಗೇನೂ ಕೇಳಿಸಲಿಲ್ಲ. ಆ ಕೋಣೆ ಇರೋದೇ ಹಾಗೆ," ಎಂದಳು. ಒಂಟಿ ಕಿವಿಯವಳು, ಸ್ಪಂಜಿನ ಗೋಡೆ. ಎಲ್ಲರೂ ನಂಬಿದರು. ನಾದಿನಿ, ತಮ್ಮನ ಹೆಂಡತಿ, ಅವಳನ್ನು ತಬ್ಬಿಕೊಂಡು, "ಕೇಳಿಸಿದ್ದರೆ ನೀವು ಬಿಡ್ತಿದ್ರಾ ಅತ್ತಿಗೆ," ಎಂದು ಅತ್ತಳು.

ಹದಿಮೂರನೇ ದಿನ ಕೆಲಸಕ್ಕೆ ಮರಳಿದಳು. ತಿರಸ್ಕರಿಸಿದ ಪೆಟ್ಟಿಗೆಗಳ ಕಪಾಟಿನಲ್ಲಿ ಅದು ಕೂತಿತ್ತು. ತನ್ನದೇ ಕೈಬರಹ, ತಾನೇ ಅಂಟಿಸಿದ ಚೀಟಿ. ಹೊರಗಿನ ಸದ್ದು ನುಗ್ಗಿದರೆ ಮತ್ತೆ ಅಳೆಯಬೇಕೇ ಹೊರತು ಕೆಂಪು ಅಂಟಿಸಬಾರದು ಎಂಬುದು ನಿಯಮ. ಹನ್ನೊಂದು ವರ್ಷದಲ್ಲಿ ಆ ತಪ್ಪನ್ನು ಅವಳು ಮಾಡಿರಲಿಲ್ಲ. ಕೆಂಪು ಬಿದ್ದದ್ದರಿಂದ ಆ ಮೂರು ನಿಮಿಷ ಶನಿವಾರದ ಕೈಗೆ ಸಿಕ್ಕಿರಲಿಲ್ಲ. ಕ್ಯಾಮರಾದ ರೆಕಾರ್ಡು ಅಳಿಸಿದವರಿಗೆ ಸ್ಸ್ಸ್ ಎನ್ನುವ ಫೈಲುಗಳನ್ನು ತೆರೆದು ನೋಡುವ ಬುದ್ಧಿ ಎಲ್ಲಿಂದ ಬರಬೇಕು? ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದಳು. ಸಂಜೆ ಸಂಘದ ವಕೀಲನಿಗೆ ವಿಷಯ ಹೇಳಿದಳು.

ವಕೀಲ ಕುಣಿದಾಡುವುದೊಂದು ಬಾಕಿ. "ವಿಚಾರಣಾಧಿಕಾರಿಗೆ ಹೇಳಿ ಕಂಪ್ಯೂಟರನ್ನೇ ಸೀಲ್ ಮಾಡಿಸ್ತೀನಿ. ನೀವು ಬಂದು ಕೇಳಿಸಿದರೆ ಸಾಕು."

"ಮೊದಲ ನಿಮಿಷ ಬೇಡ ಸರ್. ಮೀಸೆ ಮಾತಾಡೋದು ಆಮೇಲೆ."

"ಒಂದು ಸೆಕೆಂಡ್ ಕತ್ತರಿಸಿದರೂ ತಿದ್ದಿದ್ದು ಅಂತ ಮುಖದ ಮೇಲೆ ಎಸೀತಾರೆ ಅಮ್ಮ. ಮೂರಕ್ಕೆ ಮೂರೂ ನಿಮಿಷ ಕೊಡಬೇಕು. ಮೊದಲ ನಿಮಿಷದಲ್ಲಿ ಏನಿದೆ?"

ಅವಳು ಎದ್ದು ಹೊರಟುಬಂದಳು. ರೆಕಾರ್ಡು ಕೊಟ್ಟರೆ ಮೀಸೆ ಸಿಕ್ಕಿಬೀಳುತ್ತಾನೆ, ಜೊತೆಗೆ ತಾನೂ. ಇರಲು ಅವಳಿಗೆ ಇದ್ದದ್ದು ತಮ್ಮನ ಮನೆಯೊಂದೇ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ನಾದಿನಿ ಹಿತ್ತಲಲ್ಲಿ ಬಟ್ಟೆ ಉಜ್ಜುತ್ತಿದ್ದಳು. ಕೈಯಲ್ಲಿ ಮರದ ಬ್ರಷ್ಷು. ಕೆಂಪುಚೀಟಿ ಎದುರು ಕುಕ್ಕರಗಾಲಲ್ಲಿ ಕೂತಳು.

"ಅವನು ಬಾಗಿಲು ಬಡಿದ."

"ಯಾರು ಅತ್ತಿಗೆ?"

"ನಿನ್ನ ಗಂಡ. ಅಕ್ಕಾ ಅಂದ, ತೆಗಿ ಅಂದ. ನನಗೆ ಕೇಳಿಸ್ತು. ನಾನು ತೆಗೀಲಿಲ್ಲ."

"ಕೇಳಿಸಲಿಲ್ಲ ಅಂದಿದ್ರಿ."

"ಸುಳ್ಳು ಹೇಳಿದೆ."

ನಾದಿನಿ ಸ್ವಲ್ಪ ಹೊತ್ತು ಬಟ್ಟೆಯನ್ನು ಉಜ್ಜುತ್ತಲೇ ಇದ್ದಳು. ಆಮೇಲೆ ಅದೇ ಬ್ರಷ್ಷಿನಿಂದ ಬಾಯಿಗೆ ಬಾರಿಸಿದಳು. ತುಟಿ ಸೀಳಿತು. ಎರಡನೆಯದು ಹುಬ್ಬಿಗೆ. ಜುಟ್ಟು ಹಿಡಿದು ಬಗ್ಗಿಸಿ ಬೆನ್ನಿಗೆ, ಕತ್ತಿಗೆ, ಕೈ ಹೋದಲ್ಲಿಗೆ. "ಕಿವಿ ಹರಿಸಿಕೊಂಡು ಬೀದಿಗೆ ಬಿದ್ದಿದ್ದೆಯಲ್ಲೇ! ಬಾಗಿಲು ತೆಗೆದವನು ಯಾರೇ? ಯಾರೇ ತೆಗೆದದ್ದು?" ಒಂಬತ್ತು ವರ್ಷದಿಂದ ನೀವು, ಬನ್ನಿ ಎಂದಿದ್ದ ಬಾಯಿ ಅದು. ಕೆಂಪುಚೀಟಿ ಕೈ ಅಡ್ಡ ತರಲಿಲ್ಲ. ಬ್ರಷ್ಷು ಮುರಿಯಿತು. ಅಷ್ಟಕ್ಕೆ ನಿಂತಿತು.

ಮರುದಿನ ಅವಳು ಸೈಕಲ್ ಗಾಡಿಯಲ್ಲಿ ಒಂದು ಪೆಟ್ಟಿಗೆ ಹೇರಿಕೊಂಡು ವಿಚಾರಣೆಗೆ ಬಂದಳು. ಹಸಿರು ಚೀಟಿಯದು, ತಮ್ಮನ ಕೈಯ ಮರ. ಮುಖ ಊದಿ, ಒಂದು ಕಣ್ಣು ಮುಚ್ಚಿತ್ತು. ಕಂಪನಿಯ ಇಂಜಿನಿಯರು ಮೊದಲೇ ಎದ್ದ: "ಸ್ವಾಮಿ, ಆ ರೆಕಾರ್ಡಿನಲ್ಲಿ ಇರೋದೆಲ್ಲ ಬರೀ ಹಿಸ್, ಸ್ಪೀಕರಿನ ಸ್ಸ್ಸ್ ಅಷ್ಟೇ. ನಮಗೆ ಕೊಟ್ಟರೆ ಸಾಫ್ಟ್‌ವೇರ್‌ನಲ್ಲಿ ಕ್ಲೀನ್ ಮಾಡಿಸಿ ತರ್ತೀವಿ."

"ತೊಳೆದುಕೊಂಡೇ ಬರ್ತೀರಿ," ಎಂದಳು ಕೆಂಪುಚೀಟಿ. ತುಟಿ ಸರಿಯಾಗಿ ಏಳುತ್ತಿರಲಿಲ್ಲ. "ಸಣ್ಣಗಿರೋದೆಲ್ಲ ಕಸ ಅಂದ್ಕೊಳ್ಳುತ್ತೆ ನಿಮ್ಮ ಸಾಫ್ಟ್‌ವೇರ್. ಮೀಸೆಯ ದನಿಯೂ ಅಷ್ಟೇ ಸಣ್ಣಗಿದೆ. ಅದರ ಜೊತೆಗೇ ಹೋಗುತ್ತೆ. ಇದ್ದ ಹಾಗೇ ಕೇಳಿ."

ಪೆಟ್ಟಿಗೆಗೆ ಕರೆಂಟು ಕೊಟ್ಟಳು. ಹಾಡಿನ ವೈರು ಸಿಕ್ಕಿಸಲಿಲ್ಲ. ಅಧಿಕಾರಿಯನ್ನು ಹತ್ತಿರ ಕರೆದು ಕಿವಿಯಿಡಲು ಹೇಳಿದಳು. "ಇದು ಈ ಪೆಟ್ಟಿಗೆಯ ಸ್ವಂತ ಸದ್ದು. ಮಾರು ದೂರಕ್ಕೂ ಕೇಳಲ್ಲ. ಇನ್ಮೇಲೆ ಬರೋದೆಲ್ಲ ಅವತ್ತಿಂದು." ಸೀಲ್ ಮಾಡಿ ತರಿಸಿದ್ದ ಕಂಪ್ಯೂಟರಿನ ವೈರು ಸಿಕ್ಕಿಸಿದಳು.

ಸ್ಸ್ಸ್ ಕೋಣೆಯನ್ನು ತುಂಬಿತು. ಅದರೊಳಗಿಂದ ಅಂಗೈ ಬಡಿಯಿತು. ಅಕ್ಕಾ, ಬಾಗಿಲು ತೆಗಿ. ಬೂಟು. ಏಟು. ಮರದ ಮೇಲೆ ತಲೆ. ತಲೆಗೆ ಹಾಕಿ, ಇವನು ಏಳಬಾರದು. ಅಧಿಕಾರಿ ಅದಷ್ಟನ್ನೇ ಇನ್ನೊಮ್ಮೆ ಕೇಳಿದ. ಆಮೇಲೆ ಮೀಸೆಯ ಕಡೆ ತಿರುಗಿ ಏನಾದರೂ ಹೇಳುವುದಿದೆಯೇ ಎಂದ. ಮೀಸೆ ಬಾಯಿ ತೆರೆಯಲಿಲ್ಲ. ತೆರೆದರೆ ಅದೇ ದನಿ ಹೊರಬರುತ್ತದೆಂದು ಅವನಿಗೂ ಹೊಳೆದಿತ್ತು.

ಕಂಪನಿಯ ವಕೀಲ ಅವಳ ಮೇಲೆ ಬಿದ್ದ. "ಕೇಳಿಸಲಿಲ್ಲ ಅಂತ ಮೊದಲು ಹೇಳಿದ್ದು ನೀವೇ ತಾನೇ? ಈಗ ಇದೆಲ್ಲ ಎಲ್ಲಿಂದ ಬಂತು? ಮುಖಕ್ಕೇನಾಗಿದೆ? ಸಂಘದವರು ಹೊಡೆದು ಹೇಳಿಸ್ತಿದ್ದಾರೆ, ಅಲ್ವಾ?"

ಅವಳು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನಿಂದ ನಾದಿನಿ ಎದ್ದಳು. "ಯಾವ ಸಂಘದವನೂ ಅಲ್ಲ. ನಾನು ಹೊಡೆದದ್ದು. ಬ್ರಷ್ ಮುರಿಯೋವರೆಗೂ ಹೊಡೆದೆ. ಸತ್ತವನ ಹೆಂಡತಿ ನಾನು. ಬಾಗಿಲು ತೆಗೀಲಿಲ್ಲ ಅಂತ ಅವಳೇ ಬಂದು ನನ್ನೆದುರು ಹೇಳಿದಳು. ಸುಳ್ಳು ಹೇಳೋಳಾಗಿದ್ದರೆ ತನ್ನ ಮೈಗೆ ಏಟು ತರೋ ಸುಳ್ಳು ಹೇಳ್ತಿದ್ದಳಾ? ಬರ್ಕೊಳ್ಳಿ ಸ್ವಾಮಿ, ಇದನ್ನೂ ಬರ್ಕೊಳ್ಳಿ."

"ಯಾಕೆ ತೆಗೆಯಲಿಲ್ಲ?" ಎಂದು ಅಧಿಕಾರಿ ಕೆಂಪುಚೀಟಿಯನ್ನು ಕೇಳಿದ.

"ಹೆದರಿದೆ."

ಅದನ್ನೂ ಬರೆದುಕೊಂಡ.

ಮೀಸೆಯನ್ನು, ಪೈಪು ಹಿಡಿದ ಆರು ಜನರನ್ನು ಅವತ್ತೇ ಜೀಪು ಹತ್ತಿಸಿದರು. ಪೈಪು ಹಂಚಿ ಎಂದು ಚೀಟಿ ಬರೆದುಕೊಟ್ಟ ದೊಡ್ಡವರ ಕೂದಲೂ ಕೊಂಕಲಿಲ್ಲ. ಮುಂದೆ ಎರಡು ತಿಂಗಳು ಅಂಗಳದಲ್ಲಿ ಕೂತು, ಹದಿನೆಂಟರಲ್ಲಿ ಹನ್ನೊಂದು ಜನಕ್ಕೆ ಕೆಲಸ ವಾಪಸು ಸಿಕ್ಕಿತು. ಗೆಲುವು ಎಂದು ಕರೆಯುವವರು ಕರೆದರು.

ವಿಚಾರಣೆ ಮುಗಿದ ಸಂಜೆ ನಾದಿನಿ ಮುಂದೆ, ಗಾಡಿ ತಳ್ಳಿಕೊಂಡು ಕೆಂಪುಚೀಟಿ ಹಿಂದೆ, ಒಂದು ಮಾತಿಲ್ಲದೆ ಮನೆಗೆ ನಡೆದರು. ನಾದಿನಿ ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದಳು. ಕೆಂಪುಚೀಟಿ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಬಡಿದಳು. ಒಳಗೆ ನಾದಿನಿ ಬಾಗಿಲ ಹಿಂದೆಯೇ ನಿಂತಿದ್ದಳು; ಅವಳ ಉಸಿರು ಈ ಬಲಗಿವಿಗೆ ಚೆನ್ನಾಗಿ ಕೇಳುತ್ತಿತ್ತು. ಒಂಬತ್ತು ಸೆಕೆಂಡು ಕಳೆಯಿತು. ಇಪ್ಪತ್ತಾಯಿತು. ಮತ್ತೆ ಬಡಿದಳು, ಇನ್ನೂ ಜೋರಾಗಿ, ಗಾಯವಾದ ಬೆನ್ನು ಉರಿಯುವಷ್ಟು.

ಚಿಲಕ ಸರಿಯಿತು.

"ಬಾಗಿಲು ಮುರೀಬೇಡ," ಎಂದಳು ನಾದಿನಿ. "ಆ ಪೆಟ್ಟಿಗೆ ಹೊರಗೆ ಬಿಡಬೇಡ, ಅವನು ಮಾಡಿದ್ದು. ಎತ್ಕೊಂಡು ಬಾ ಒಳಗೆ."