ಮಗ್ಗದ ಗತಿಯ ಅಲೆ, ತಪ್ಪು ಜಾಗದ ಫಲಕ

ಬೆಳಗಿನ ಐದೂವರೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಪವರ್‌ಲೂಮ್ ಶೆಡ್ಡುಗಳ ಸಾಲಿನ ಕೊನೆಯಲ್ಲಿ, ಸಾರಿಕಾ ಮತ್ತು ಅಂಬಾದಾಸ ಹಳೆಯ ಟವೆಲ್ಲೊಂದರ ಎರಡು ತುದಿ ಹಿಡಿದು, ಶೆಡ್ಡೊಂದರೊಳಗಿನ ತೊಟ್ಟಿಯ ನೀರಿನ ಮೇಲೆ ಎಳೆಯುತ್ತಿದ್ದಾರೆ. ಒಬ್ಬರು ತೊಟ್ಟಿಯ ಆ ಬದಿ, ಒಬ್ಬರು ಈ ಬದಿ. ಪಕ್ಕದ ಮಗ್ಗಗಳಿಂದ ಹಾರಿಬಂದ ಹತ್ತಿಯ ಧೂಳು ನೀರಿನ ಮೇಲೆ ಕೆನೆಗಟ್ಟಿದೆ. ಎಪ್ಪತ್ತು ಅಡಿ ಉದ್ದದ ತೊಟ್ಟಿಯ ತುದಿ ಮುಟ್ಟುವಷ್ಟರಲ್ಲಿ ಟವೆಲ್ ಭಾರವಾಗುತ್ತದೆ. ಹಿಂಡುತ್ತಾರೆ, ಮತ್ತೆ ಮೊದಲಿನಿಂದ ಎಳೆಯುತ್ತಾರೆ.

ಅವಸರ ಮಾಡಲೇಬೇಕು. ರಾತ್ರಿ ಪಾಳಿ ಮುಗಿದು ಹಗಲು ಪಾಳಿ ಶುರುವಾಗುವ ತನಕ, ಅಂದರೆ ಏಳು ಗಂಟೆವರೆಗೆ ಮಾತ್ರ ಸುತ್ತಲಿನ ಮಗ್ಗಗಳು ಸುಮ್ಮನಿರುತ್ತವೆ. ಆಮೇಲೆ ನೆಲ ಅದುರಿ ನೀರು ನಡುಗುತ್ತದೆ, ಅಳತೆ ಕೆಡುತ್ತದೆ. ಐದು ನಿಮಿಷ ಅಲೆ ಎಬ್ಬಿಸಬೇಕು, ಹತ್ತು ನಿಮಿಷ ನೀರು ನಿಲ್ಲುವುದನ್ನು ಕಾಯಬೇಕು. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಆಗುವುದಿಲ್ಲ.

ಸಾರಿಕಾ ಹನ್ನೂರಿನ ಕುರಿ ಸಾಕುವ ಮನೆಯ ಮಗಳು, ವಯಸ್ಸು ನಲವತ್ತೆರಡು. ಹಗಲು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ. ಸಂಶೋಧನೆ ಮಾತ್ರ ಸುನಾಮಿ ಮತ್ತು ಜನರನ್ನು ಎಳೆದೊಯ್ಯುವ ಬೇರೆ ಅಲೆಗಳ ಮೇಲೆ. ಸಮುದ್ರ ಮುನ್ನೂರು ಕಿಲೋಮೀಟರಿಗಿಂತ ದೂರ. ಶೆಡ್ಡಿನ ಮಾಲೀಕ, ಟವೆಲ್ ವ್ಯಾಪಾರಿ ಸಾತಲಿಂಗಪ್ಪ ಎದುರಾದಾಗಲೆಲ್ಲ ಕೆಣಕುತ್ತಾರೆ: "ಏನ್ರಿ ಮ್ಯಾಡಮ್, ಇವತ್ತ ಸಮುದ್ರ ಎಲ್ಲೀತನಕಾ ಬಂತು? ನನ್ನ ಮಾಲ್ ತೊಯ್ಯಂಗಿಲ್ಲಲಾ?"

ಎರಡು ಸಾವಿರದ ನಾಲ್ಕರ ಸುನಾಮಿಯನ್ನು ಸಾರಿಕಾ ಟಿವಿ ಅಂಗಡಿಯ ಮುಂದೆ ನಿಂತು ನೋಡಿದ್ದರು. "ಸುನಾಮಿ ಅಂದ್ರ ಬರೇ ಎತ್ತರದ ತೆರಿ ಅಲ್ರಿ, ಉದ್ದಂದು. ತಳದಿಂದ ಇಡೀ ನೀರ ನಡಕೋತ ಬರ್ತದ. ಕೆಲವು ಕಡೆ ಮೊದಲ ಸಮುದ್ರ ಹಿಂದ ಸರೀತು, ನೋಡಾಕಂತ ಮಂದಿ ಮುಂದ ಹೋದ್ರು. ಹೋಗಬ್ಯಾಡ್ರಿ ಅಂತ ಹೇಳಾವ್ರು ಯಾರೂ ಇರಲಿಲ್ಲ. ನನಗ ಸಿಟ್ಟು ಹತ್ತಿದ್ದು ಅವತ್ತ."

ಅಲೆ ಎಬ್ಬಿಸುವ ಯಂತ್ರ ಕೊಳ್ಳಲು ಕಾಲೇಜು ಒಪ್ಪಲಿಲ್ಲ. ಮಗ್ಗ ರಿಪೇರಿ ಮಾಡುವ ಜಾಬರ್ ಅಂಬಾದಾಸ ಗುಜರಿಗೆ ಬಿದ್ದ ಮಗ್ಗದ ಕ್ರ್ಯಾಂಕ್ ತಂದು ಅದಕ್ಕೊಂದು ಹಲಗೆ ಕಟ್ಟಿದರು. ಹಲಗೆ ನೀರನ್ನು ತಳ್ಳಿತು, ಅಲೆ ಎದ್ದಿತು. ಕೊಂಕಣದ ಒಂದು ಬಂಡೆ ತೀರವನ್ನು ಸಾರಿಕಾ ಸಿಮೆಂಟಿನಲ್ಲಿ ಚಿಕ್ಕದಾಗಿ ಮಾಡಿ ತೊಟ್ಟಿಯ ಆಚೆ ತುದಿಗಿಟ್ಟರು. ಅಲೆ ಎಲ್ಲಿಯವರೆಗೆ ಹತ್ತುತ್ತದೆಂದು ಒಂದು ವರ್ಷ ಅಳೆದು ವರದಿ ಕಳಿಸಿದರು. ಕರಾವಳಿ ಸುರಕ್ಷತೆಯ ಕಚೇರಿಗೆ ಅದು ತಕ್ಷಣ ಹಿಡಿಸಿತು. ಸಾರಿಕಾ ಹೇಳಿದ ಗೆರೆಯಲ್ಲೇ "ಇಲ್ಲಿಂದ ಮುಂದೆ ಅಪಾಯ" ಎಂಬ ಫಲಕ ನಿಂತಿತು. ರಿಬ್ಬನ್ ಕತ್ತರಿಸಿದ ಸುದ್ದಿಯನ್ನು ಸಾರಿಕಾ ಪೇಪರಿನಲ್ಲಿ ಓದಿದರು. ಅವರ ಹೆಸರು ಅದರಲ್ಲಿರಲಿಲ್ಲ.

ಆ ಗೆರೆ ತಪ್ಪು. ಅದನ್ನು ಮೊದಲು ಹೇಳುವವರೂ ಸಾರಿಕಾ ಅವರೇ.

ಮಗ್ಗದ ಪೆಟ್ಟು ಒಂದೇ ಸಮ ಇರಬೇಕು, ಇಲ್ಲದಿದ್ದರೆ ಬಟ್ಟೆ ಕೆಡುತ್ತದೆ. ನಲವತ್ತು ವರ್ಷದ ಕೈಚಳಕದಿಂದ ಅಂಬಾದಾಸ ತೊಟ್ಟಿಯ ಯಂತ್ರವನ್ನೂ ಹಾಗೇ ಹದಗೊಳಿಸಿದ್ದರು. ಪ್ರತಿ ಅಲೆಯೂ ಹಿಂದಿನದರ ತದ್ರೂಪು. ಸಮುದ್ರ ಹಾಗೆ ಬರುವುದಿಲ್ಲ. ಮೂರು ಸಣ್ಣವು ಬಂದ ಬೆನ್ನಿಗೆ ದೊಡ್ಡದೊಂದು ಎದ್ದರೆ, ಅದು ಮೊದಲು ಬಂದವುಗಳ ನೀರಿನ ಮೇಲೇರಿ ಬಂಡೆ ಹತ್ತುತ್ತದೆ.

"ನನ್ನ ಜನ್ಮದಾಗ ಯಾರೂ ಪೆಟ್ಟು ಕೆಡಸ್ರಿ ಅಂದಿದ್ದಿಲ್ಲ. ಈಕಿ ಅಂದ್ಳು," ಎಂದು ಅಂಬಾದಾಸ ನಗುತ್ತಾರೆ. ಟವೆಲ್ಲಿನ ಅಂಚಿಗೆ ಹೂವು ಮೂಡಿಸುವ ಡಾಬಿಯ ಸರಪಳಿಯನ್ನು ಅವರು ಯಂತ್ರಕ್ಕೆ ಜೋಡಿಸಿದರು. ಅದರ ಮೊಳೆ ಬದಲಿಸಿದಂತೆ ಒಂದು ಅಲೆ ಗಿಡ್ಡ, ಒಂದು ಉದ್ದ. ಮೂರು ವರ್ಷದ ಹಿಂದೆ, ಹಾಗೆ ಶುರುಮಾಡಿದ ಎರಡನೆಯ ವಾರವೇ, ಸಿಮೆಂಟಿನ ತೀರದಲ್ಲಿ ಫಲಕದ ಜಾಗಕ್ಕೆ ನೆಟ್ಟಿದ್ದ ಬೆಂಕಿಕಡ್ಡಿಯನ್ನು ನೀರು ಕಿತ್ತೊಯ್ದಿತು. ಈಗಿನ ಲೆಕ್ಕದಲ್ಲಿ ನೂರು ಸಲಕ್ಕೆ ನಾಲ್ಕು ಸಲ ಅಲೆ ಫಲಕ ದಾಟುತ್ತದೆ. ಹಾಗೆ ದಾಟಿ ಬರುವ ದೂರ ನಿಜವಾದ ತೀರದಲ್ಲಿ ಮೂವತ್ತು ಹೆಜ್ಜೆಗೆ ಸಮ.

ಸಾರಿಕಾ ಒಂಬತ್ತು ಪತ್ರ ಬರೆದಿದ್ದಾರೆ. ಒಂದಕ್ಕೆ ಬಂದ ಉತ್ತರ: ಹಿಂದಿನ ವರದಿ ಈಗಾಗಲೇ ಅಂಗೀಕೃತವಾಗಿದೆ. ಇನ್ನೊಂದಕ್ಕೆ: ಸಮುದ್ರವಿಲ್ಲದ ಊರಿನಿಂದ ಈ ಬಗ್ಗೆ ಬರೆಯುವ ಕಾರಣ ತಿಳಿಸಿ.

"ನಾ ತಪ್ಪು ಹೇಳಿದಾಗ ಈ ಊರಾಗ ಸಮುದ್ರ ಇತ್ತೇನ್ರಿ?" ಸಾರಿಕಾ ಪತ್ರವನ್ನು ಮೇಜಿಗೆ ಬಡಿಯುತ್ತಾರೆ. "ಬೋರ್ಡ್ ಇರಲಿಲ್ಲಂದ್ರ ಮಂದಿ ಅಂಜತಿದ್ರು. ಈಗ ಅದಕ್ಕ ಬೆನ್ನ ಹಚ್ಚಿ ಕುಂಡ್ರತಾರ. ನನ್ನ ಮಾತು ನಂಬಿ ಕುಂಡ್ರತಾರ!"

ಹೋದ ತಿಂಗಳು ಹಾಗೆ ಕುಳಿತವರು ಹನ್ನೂರಿನ ಹನ್ನೊಂದು ಹೆಂಗಸರು. ಪ್ರವಾಸಕ್ಕೆ ಹೋದ ತಂಗಿ ಮನೀಷಾ ಅಲ್ಲಿಂದಲೇ ಫೋಟೊ ಕಳಿಸಿದಳು: "ಅಕ್ಕಾ, ನಿನ್ನ ಬೋರ್ಡ್ ನೋಡ!" ಸಾರಿಕಾ ತರಗತಿ ಬಿಟ್ಟು ಓಡಿ ಫೋನ್ ಮಾಡಿದರು.

"ಮೊದಲ ಅಲ್ಲಿಂದ ಏಳ್ರಿ ನೀವು!"

"ಯಾಕಕ್ಕಾ? ನಾವು ಈಚೀ ಕಡೀನ ಅದೀವಿ. ನೀನ ಬರಸೀದಿ ಅಲ್ಲಾ?"

"ತಪ್ಪು ಬರಸೀನಿ. ಏಳ್ರಿ ಅಂದ್ರ ಏಳ್ರಿ!"

"ಅಯ್ಯ, ಈಗರೆ ಬುತ್ತಿ ಬಿಚ್ಚೀವಿ. ಉಂಡ ಏಳ್ತೀವಿ ತಗೊ."

ಉಂಡೇ ಎದ್ದರು. ಅಂದು ಸಮುದ್ರ ಸುಮ್ಮನಿತ್ತು. ಆದರೆ ಮೇ ತಿಂಗಳಲ್ಲಿ ಅದೇ ಬಂಡೆಗೆ ದಿನಕ್ಕೆ ಸಾವಿರ ಜನ ಬರುತ್ತಾರೆ. ಎಲ್ಲೋ ದೂರದಲ್ಲೆದ್ದ ಬಿರುಗಾಳಿಯ ಅಲೆಗಳು, ಇಲ್ಲಿ ಒಂದು ಮೋಡವೂ ಇಲ್ಲದಿರುವಾಗ ದಡ ಹತ್ತುವುದೂ ಆಗಲೇ.

ಶುಕ್ರವಾರ ಮಧ್ಯಾಹ್ನ ಕರಾವಳಿ ಸುರಕ್ಷತೆಯ ಆನ್‌ಲೈನ್ ಸಭೆ. ಬಹಳ ಕಾಡಿದ ಮೇಲೆ ಸಾರಿಕಾ ಅವರಿಗೆ ಕೊನೆಯಲ್ಲಿ ಎರಡು ನಿಮಿಷ ಸಿಕ್ಕಿದೆ. ತೊಟ್ಟಿಯ ಪಕ್ಕದಲ್ಲೇ ಕುಳಿತು ಮಾತಾಡಬೇಕೆಂಬುದು ಅವರ ಹಟ, ಆದರೆ ಶೆಡ್ಡಿನಲ್ಲಿ ಮಗ್ಗದ ಸದ್ದಿಗೆ ಒಂದು ಮಾತೂ ಕೇಳದು. ಅಂಬಾದಾಸ ಪಕ್ಕದ ಶೆಡ್ಡುಗಳಿಗೆ ಓಡುತ್ತಾರೆ. "ಎರಡ ಮಿನಿಟ್ ಬಂದ್ ಮಾಡ್ರಪ್ಪಾ, ನಮ್ಮ ಹುಡುಗಿ ಮಾತಾಡೂದದ!" ಒಂದೊಂದಾಗಿ ಮಗ್ಗಗಳು ನಿಲ್ಲುತ್ತವೆ. ಕೆಲಸಗಾರರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಪರದೆಯ ಮೇಲೆ ಹತ್ತೊಂಬತ್ತು ಮುಖಗಳು.

ಸಾರಿಕಾ ಮರಾಠಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಾರೆ: "ಸಾಹೇಬರೇ, ತಪ್ಪು ನನ್ನದು. ಮೇ ತಿಂಗಳೊಳಗೆ ಆ ಫಲಕವನ್ನು ಮೂವತ್ತು ಹೆಜ್ಜೆ ಹಿಂದಕ್ಕೆ ಸರಿಸಿ. ಜಾಗವನ್ನು ನಾನೇ ಬಂದು ತೋರಿಸುತ್ತೇನೆ."

ಎರಡು ನಿಮಿಷ ಮುಗಿದು ಮುಖಗಳು ಒಂದೊಂದಾಗಿ ಪರದೆಯಿಂದ ಮಾಯವಾಗುತ್ತವೆ; ಸಾರಿಕಾ ಹತ್ತನೆಯ ಪತ್ರಕ್ಕೆ ಹಾಳೆ ಎಳೆದುಕೊಳ್ಳುತ್ತಾರೆ.