ಮಂಜಿನೊಳಗಿನ ಚಿಮಣಿ

ಸುಬ್ರಾಯ ಭಟ್ಟರು ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಬಳಿ ನಿಂತು, ಎಡಗಣ್ಣು ಮುಚ್ಚಿ, ಹೊರಗೆ ಕಂಡದ್ದರ ದೂರ ಹೇಳುತ್ತಿದ್ದರು. "ಆ ಬೇವು ಆರುನೂರು ಮೀಟರ್. ಅದರ ಹಿಂದಿನ ಟವರು ಒಂಬೈನೂರು." ಆಮೇಲಷ್ಟೇ ಚಹಾ.

ಪುತ್ತೂರು ಕಡೆಯವರು. 'ಭಟ್' ಎಂಬ ಹೆಸರು ಕೇಳಿ ಗುಜರಾತಿಗಳು ತಮ್ಮವರೆಂದೇ ತಿಳಿಯುತ್ತಿದ್ದರು, ಅವರು ತಿದ್ದುತ್ತಿರಲಿಲ್ಲ. ವಡೋದರಾದ ಹೊರವಲಯದ ಒಂದು ಖಾಸಗಿ ಏರ್‌ಸ್ಟ್ರಿಪ್‌ನಲ್ಲಿ ಹವೆ ನೋಡಿ ಸಣ್ಣ ವಿಮಾನಗಳಿಗೆ ರೇಡಿಯೋದಲ್ಲಿ ತಿಳಿಸುವುದು ಅವರ ಕೆಲಸ. ಅದಕ್ಕೊಂದು ಯಂತ್ರವಿತ್ತು, ಸದಾ ಕೆಟ್ಟಿರುತ್ತಿತ್ತು. ಹಾಗಾಗಿ ಎಷ್ಟು ದೂರದವರೆಗೆ ಕಾಣುತ್ತದೆಂಬುದಕ್ಕೆ ಕಣ್ಣಳತೆಯೇ ಲೆಕ್ಕ: ನೀರಿನ ಟಾಂಕಿ ಕಂಡರೆ ಒಂದು ಕಿಲೋಮೀಟರ್, ದೇವಸ್ಥಾನದ ಧ್ವಜ ಕಂಡರೆ ಎರಡು, ಹಳೆಯ ಮಿಲ್ಲಿನ ಚಿಮಣಿ ಕಂಡರೆ ಮೂರು. ಚಿಮಣಿ ಕಾಣದೆ ಅವರು ಯಾರಿಗೂ ಇಳಿಯಲು ಹೇಳಿದವರಲ್ಲ. ಅವರ ಮನೆಯ ಪಕ್ಕದ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದ ನಾನು ಆಗ ಸಂಶೋಧನಾ ವಿದ್ಯಾರ್ಥಿ. ಕನ್ನಡ ಮಾತಾಡುವ ಆಸೆಗೆ ಕೆಲವು ಬೆಳಿಗ್ಗೆ ಅವರ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ.

ಉತ್ತರಾಯಣದ ಗಾಳಿಪಟದ ರಜೆ ಮುಗಿದ ಮೊದಲ ಬೆಳಿಗ್ಗೆ ದಟ್ಟ ಮಂಜು. ಸೂರತ್‌ನಿಂದ ಹೊರಟ ಪುಟ್ಟ ವಿಮಾನವೊಂದು ತಲೆಯ ಮೇಲೆ ಸುತ್ತುತ್ತಿತ್ತು. ಸದ್ದು ಮಾತ್ರ. ಪೈಲಟ್ ರೇಡಿಯೋದಲ್ಲಿ ನಗುತ್ತಲೇ ಕೇಳಿದ: "ಭಟ್‌ಜಿ, ಚಿಮ್ನಿ ದೇಖಾಯ್ ಛೇ?"

ಭಟ್ಟರು ಎಡಗಣ್ಣು ಮುಚ್ಚಿ ತಮ್ಮಷ್ಟಕ್ಕೇ ಅಂದರು, "ಕಾಣ್ತದೆ. ತೆಳು, ಆದ್ರೆ ಉಂಟು." ನನ್ನತ್ತ ತಿರುಗಿದರು. "ಅಲ್ವಾ? ಅಲ್ಲ, ನಿಮ್ಮ ಪಿಎಚ್‌ಡಿ ಕಣ್ಣಿಗೆ ಇದೆಲ್ಲ ಕಾಣುದಿಲ್ವಾ?"

"ಕಾಣ್ತಿದೆ," ಎಂದೆ.

ಅವರು ಪೈಲಟ್‌ಗೆ ಇಳಿಯಬಹುದೆಂದರು. ವಿಮಾನ ರನ್‌ವೇ ಮುಟ್ಟಲಿಲ್ಲ. ಔಡಲದ ಹೊಲದಲ್ಲಿ ಬಿತ್ತು. ಒಳಗಿದ್ದವನು ಪೈಲಟ್ ಒಬ್ಬನೇ, ಉಳಿಯಲಿಲ್ಲ. ಹನ್ನೊಂದರ ಹೊತ್ತಿಗೆ ಮಂಜು ಸರಿದಾಗ ಟಾಂಕಿ ಇತ್ತು, ಧ್ವಜ ಇತ್ತು, ಅದರಾಚೆ ಬರೀ ಆಕಾಶ. ನಾವು ರಜೆಗೆಂದು ಹೊರಟ ಸಂಜೆಯೇ ಚಿಮಣಿಯನ್ನು ಕೆಡವಿದ್ದರು, ನಮಗೆ ತಿಳಿದಿರಲಿಲ್ಲ.

ವಿಚಾರಣೆಯಲ್ಲಿ ಭಟ್ಟರು ತಪ್ಪು ತನ್ನೊಬ್ಬನದೇ ಎಂದು ಬರೆದುಕೊಟ್ಟು ಕೆಲಸ ಬಿಟ್ಟರು. ನನ್ನ ಹೆಸರೆತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಂದಿನ ನನ್ನ ದಿನಚರಿಯಲ್ಲಿ ಮಂಜಿದೆ, ಸದ್ದಿದೆ, ಫ್ಲಾಸ್ಕಿನ ಚಹಾ ಕೂಡ ಇದೆ. ನಾನಾಡಿದ ಆ ಒಂದು ಮಾತಿಲ್ಲ. ನೋಡಿ ಹೇಳಿದೆನೋ, ಅವರು ಹೇಳಿದರೆಂದು ಹೇಳಿದೆನೋ, ಎಷ್ಟು ಕೆದಕಿದರೂ ತಿಳಿಯುವುದಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ಮಗಳ ಮನೆಯಲ್ಲಿ. ಬಹಳ ಸೊರಗಿದ್ದರು. ಮಗಳು ಒಳಗೆ ಹೋಗುವುದನ್ನೇ ಕಾದು ಕೇಳಿದರು: "ಬೇಜಾರು ಮಾಡ್ಬೇಡಿ ಮಾರಾಯ್ರೆ. ಆ ದಿನ ನಿಮಗೆ ನಿಜಕ್ಕೂ ಕಂಡಿತ್ತಾ?"

ಅವರೊಬ್ಬರೇ ಹೊತ್ತದ್ದು ಸಾಕೆನಿಸಿತು. "ಕಂಡಿತ್ತು," ಎಂದೆ. ನಂಬಿಸಲೆಂದೋ ಏನೋ, "ತುದಿಯಲ್ಲಿ ಒಂದು ಗಾಳಿಪಟವೂ ಸಿಕ್ಕಿಕೊಂಡಿತ್ತು," ಎಂದು ಸೇರಿಸಿದೆ.

ಭಟ್ಟರ ಕೈಯ ಲೋಟ ಅರ್ಧಕ್ಕೇ ನಿಂತಿತು.

"ಕೆಂಪಾ?"

ನಾನು ಬಣ್ಣ ಹೇಳಿರಲಿಲ್ಲ. ಹೌದು ಎಂದೆ.

ಮುಂದಿನ ತಿಂಗಳು ಅವರು ತೀರಿಕೊಂಡರು. ಈಗ ಕಣ್ಣು ಮುಚ್ಚಿದರೆ ಆ ಗಾಳಿಪಟ ಕೆಂಪಗೆ, ಸ್ಪಷ್ಟವಾಗಿ ಕಾಣುತ್ತದೆ. ಅವರು ಕೇಳುವ ಮೊದಲೂ ಅದು ಕೆಂಪಾಗಿತ್ತೇ ಎಂದು ಕೇಳಲು ಇನ್ನು ಯಾರೂ ಇಲ್ಲ.