ಔರಾದಿನ ಗೇಟಿನಲ್ಲಿ ಇಪ್ಪತ್ತೆರಡು ನಿಮಿಷ

ಸೋಮವಾರ ಬೆಳಿಗ್ಗೆ ಏಳೂವರೆಗೆ ಬೀದರ ಬಸ್ ನಿಲ್ದಾಣದಲ್ಲಿ ಭಾಲ್ಕಿಯ ಬಸ್ಸು ಹತ್ತಿದೆ. ಡಿಸೆಂಬರ್ ಚಳಿಗೆ ಬೆರಳುಗಳು ಸೆಟೆದುಕೊಂಡಿದ್ದವು. ಹೆಂಗಸರಿಗೆ ಉಚಿತವಾದ್ದರಿಂದ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಚೀಲದಲ್ಲಿ ನಲವತ್ತೆರಡು ಪ್ರಶ್ನೆಗಳ ನಮೂನೆ, ಖಾಲಿ ಚೀಟಿಗಳ ಕಟ್ಟು, ಒಂದು ಪೆನ್ನು, ಒಂದು ಪೆನ್ಸಿಲ್, ರಬ್ಬರು. ಎರಡು ಖಾಸಗಿ ಹಾಸ್ಟೆಲುಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಸುರಕ್ಷಿತವಾಗಿದ್ದಾರೆ ಎಂದು ನೋಡಿ ನಮ್ಮ ಸಂಸ್ಥೆಗೆ ವರದಿ ಬರೆಯುವುದು ನನ್ನ ಕೆಲಸ. ಒಬ್ಬಳೇ ಹೊರಟದ್ದು ಇದೇ ಮೊದಲು.

ಸುಮಾರು ನಲವತ್ತು ಕಿಲೋಮೀಟರ್. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಭಾಲ್ಕಿಯ ಹಾಸ್ಟೆಲಿನ ಗೇಟು ತೆರೆದೇ ಇತ್ತು. ನಾನು ಯಾರೆಂದು ಯಾರೂ ಕೇಳಲಿಲ್ಲ. ಐದೇ ನಿಮಿಷದಲ್ಲಿ ಮಂಡಕ್ಕಿಯ ಸುಸಲಾ, ಚಹಾ ಬಂದವು. ದಾಖಲೆಗಳು ಅಚ್ಚುಕಟ್ಟಾಗಿದ್ದವು, ನಲವತ್ತಕ್ಕೆ ‘ಹೌದು’ ಬಿತ್ತು. ಕೊನೆಗೆ ದೊಡ್ಡವರನ್ನು ಹೊರಗೆ ಕಳಿಸಿ ಹುಡುಗಿಯರಿಗೆ ಚೀಟಿ ಹಂಚಿದೆ. ಹೆಸರು ಹಾಕಬೇಕಿಲ್ಲ, ಪ್ರಶ್ನೆ ಒಂದೇ: ಹೆದರಿಕೆಯಾದರೆ ಯಾರಿಗೆ ಹೇಳುತ್ತೀ? ಇಪ್ಪತ್ತಾರು ಚೀಟಿಗಳಲ್ಲಿ ಹನ್ನೊಂದು ಖಾಲಿ ಬಂದವು. ಆ ಹನ್ನೊಂದರ ಬಗ್ಗೆ ವರದಿಯಲ್ಲಿ ಬೇರೆ ಪುಟವನ್ನೇ ಬರೆದೆ.

ಮಂಗಳವಾರ ಔರಾದಿನ ಬಸ್ಸು ನಲವತ್ತು ನಿಮಿಷ ತಡ. ದಾರಿಯುದ್ದಕ್ಕೂ ತೊಗರಿ ಹೊಲ. ನಿಲ್ದಾಣದಿಂದ ಹಾಸ್ಟೆಲಿಗೆ ಆಟೋಕ್ಕೆ ಮೂವತ್ತು ರೂಪಾಯಿ. ಇಲ್ಲಿ ಗೇಟು ಮುಚ್ಚಿತ್ತು. ಒಳಗಿನಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಮೊಣಕೈವರೆಗೂ ಜೋಳದ ಹಿಟ್ಟು.

“ಯಾರ್ರಿ ನೀವು?”

“ಪರಿಶೀಲನಾಕ್ಕ ಬಂದೀನ್ರಿ.”

“ಹೌದೇನ್ರಿ? ಮತ್ತ ನಿಮ್ದು ಪರಿಶೀಲನಾ ಯಾರು ಮಾಡ್ಬೇಕು? ಕಾರ್ಡ್ ತೋರಸ್ರಿ.” ಸರಳಿನ ನಡುವೆ ಕಾರ್ಡು ತೆಗೆದುಕೊಂಡು ನನ್ನನ್ನೂ ಅದನ್ನೂ ನೋಡಿದರು. “ಫೋಟೋದಾಗ ದಪ್ಪ ಇದ್ದೀರಿ.”

ಕಾರ್ಡಿನಲ್ಲಿದ್ದ ನಂಬರಿಗೆ ಮೇಲ್ವಿಚಾರಕಿಯಿಂದ ಫೋನ್ ಮಾಡಿಸಿ, ಖಾತ್ರಿಯಾದ ಮೇಲೆಯೇ ಗೇಟು ತೆಗೆದರು. ಇಪ್ಪತ್ತೆರಡು ನಿಮಿಷ ಬೀದಿಯಲ್ಲಿ ನಿಂತಿದ್ದೆ. ಡೈರಿಯಲ್ಲಿ ಬರೆದೆ: ‘ಸಿಬ್ಬಂದಿ ಒರಟು.’

ಅವರು ತಾನಾಬಾಯಿ, ಅಡುಗೆಯವರು. ಚಿಂತಾಕಿ ಎಂಬ ಊರಿನವರು, ಒಂಬತ್ತು ವರ್ಷದಿಂದ ಹುಡುಗಿಯರ ಜೊತೆ ಒಂದೇ ಹಾಲ್‌ನಲ್ಲಿ ಮಲಗುತ್ತಾರೆ. ಹುಡುಗಿಯರಿಗೆ ಅವರು ಆಯಿ. ಮಧ್ಯಾಹ್ನ ಅವರು ಬಡಿಸಿದ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಚೀಟಿ ಹಂಚಿದೆ. ಮೂವತ್ತೊಂದು ಚೀಟಿಗಳಲ್ಲಿ ಖಾಲಿ ಒಂದೂ ಇಲ್ಲ. ಇಪ್ಪತ್ತೇಳರಲ್ಲಿ ಆಯಿಯ ಹೆಸರು. ಒಬ್ಬಳು ಬರೆದಿದ್ದಳು: ‘ಆಯಿಗೆ ಹೇಳ್ತೇನಿ. ಮಲಗಿದ್ರ ಎಬ್ಬಿಸಿ ಹೇಳ್ತೇನಿ.’

ಆಮೇಲೆ ಹದಿನೇಳನೇ ಪ್ರಶ್ನೆ ಬಂತು. ಎಲ್ಲ ಸಿಬ್ಬಂದಿಯ ಬಗ್ಗೆ ಪೊಲೀಸರು ವಿಚಾರಿಸಿ ಕೊಟ್ಟ ಪ್ರಮಾಣಪತ್ರ ಇದೆಯೇ? ಮೇಲ್ವಿಚಾರಕಿ ಶೋಭಾ ಕಡತ ತೆರೆದರು. ಕಾವಲುಗಾರನದಿತ್ತು, ಪಾಠದ ಮಾಸ್ತರರದಿತ್ತು, ಅವರದೂ ಇತ್ತು. ತಾನಾಬಾಯಿಯದು ಇರಲಿಲ್ಲ.

“ಅಡಗಿ ಮಾಡೋ ಹೆಣ್ಮಗಳು, ಆಕೀದೂ ಬೇಕು ಅಂತ ನಮ್ಮ ತಲಿಗೇ ಹೊಳಿಲಿಲ್ರಿ ಮೇಡಂ,” ಎಂದರು ಶೋಭಾ.

ನಮ್ಮ ನಿಯಮ ಸ್ಪಷ್ಟವಾಗಿತ್ತು. ಪತ್ರ ಬರುವವರೆಗೆ ತಾನಾಬಾಯಿ ಮಕ್ಕಳ ಜೊತೆ ಇರುವಂತಿಲ್ಲ. ನಾನು ‘ಇಲ್ಲ’ ಎಂದು ಬರೆದೆ, ಆದರೆ ಪೆನ್ಸಿಲಿನಲ್ಲಿ. ಮುಂದಿದ್ದ ಇಪ್ಪತ್ತೇಳು ಚೀಟಿಗಳನ್ನು ನೋಡುತ್ತ ಕೈ ರಬ್ಬರಿನ ಕಡೆ ಹೋಯಿತು. ಅಷ್ಟರಲ್ಲಿ ತಾನಾಬಾಯಿ ಮಜ್ಜಿಗೆ ತಂದರು.

“ಪೆನ್ನು ಇದ್ದು ಪೆನ್ಸಿಲ್‌ಲೆ ಯಾಕ ಬರೀತೀರಿ?”

ವಿಷಯ ಹೇಳಿದೆ. ಲೋಟ ಮೇಜಿನ ಮೇಲಿಟ್ಟರು.

“ಅಳಿಸಿಬಿಡ್ರಿ ಮೇಡಂ,” ಎಂದರು ಶೋಭಾ. “ಹುಡುಗ್ಯಾರ ಪರೀಕ್ಷಾ ಹತ್ರ ಬಂದದ. ಆಕಿ ಎಂಥಾಕಿ ಅಂತ ನಮಗ ಗೊತ್ತಿಲ್ಲೇನು?”

“ಅಳಿಸಬ್ಯಾಡ್ರಿ.” ತಾನಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಇವತ್ತು ತಾನಾಬಾಯಿ ಛಲೋ ಹೆಣ್ಮಗಳು ಅಂತ ಬಿಡ್ತೀರಿ. ನಾಳಿ ಇನ್ನೊಬ್ರು ಕೆಲಸಕ್ಕ ಬರ್ತಾರ, ಅವ್ರಿಗೂ ಛಲೋ ಅಂತಾರ. ಛಲೋ ಅನ್ನಿಸ್ಕೊಳ್ಳೋದೇನು ಕಷ್ಟದ್ರಿ?” ನನ್ನ ಕಡೆ ತಿರುಗಿದರು. “ಮುಂಜಾನಿ ನಿಮಗ ನಿಂದರಿಸಿದ್ದೆ. ಈಗ ನನ್ನ ಪಾಳಿ. ಪೆನ್‌ಲೆ ಬರೀರಿ.”

ಪೆನ್ಸಿಲಿನ ‘ಇಲ್ಲ’ದ ಮೇಲೆಯೇ ಪೆನ್ನಿನಲ್ಲಿ ಬರೆದೆ. ಮೂವರೂ ಕಂಪ್ಯೂಟರ್ ಅಂಗಡಿಗೆ ಹೋಗಿ ಪೊಲೀಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ಇನ್ನು ಮುಂದೆ ಹಾಲ್‌ನಲ್ಲಿ ನಾನೇ ಮಲಗುತ್ತೇನೆ ಎಂದು ಶೋಭಾ ಹಾಸಿಗೆ ತಂದು ಹಾಕಿದರು. ಸಂಜೆ ಐದಕ್ಕೆ ತಾನಾಬಾಯಿ ಕೈಚೀಲ ಹಿಡಿದು ಚಿಂತಾಕಿ ಬಸ್ಸಿಗೆ ಹೊರಟಾಗ ಹುಡುಗಿಯರು ಗೇಟಿನ ಸರಳು ಹಿಡಿದು ಅತ್ತರು. “ಅಳೂದು ಸಾಕು, ಚಿಲಕಾ ಹಾಕ್ಕೋರಿ!” ಎಂದು ಅವರು ಬೀದಿಯಿಂದಲೇ ಗದರಿಸಿದರು.

ಬೀದರಕ್ಕೆ ಮರಳುವ ಬಸ್ಸಿನಲ್ಲಿ ‘ಒರಟು’ ಎಂಬುದನ್ನು ಹೊಡೆದುಹಾಕಿದೆ. ತರಬೇತಿಯಲ್ಲಿ ನಿಯಮ ಓದಿದ್ದೆ. ಅದು ಯಾಕೆ ಬೇಕೆಂದು ಕಲಿಸಿದವರು ಅದರಿಂದಲೇ ನೆಲೆ ಬಿಟ್ಟು ಹೊರಟವರು. ಅವರಿಗೆ ನಾನು ಋಣಿ. ಅದನ್ನು ಅವರ ಮುಂದೆ ಹೇಳದೆ ಬಂದದ್ದು ಬೀದರ ತಲುಪುವವರೆಗೂ ಚುಚ್ಚುತ್ತಿತ್ತು.

ಹತ್ತೊಂಬತ್ತನೇ ದಿನ ಶೋಭಾ ಫೋನ್ ಮಾಡಿದರು.

“ತಾನಾಬಾಯಿದು ಕಾಗದ ಬಂತ್ರಿ ಮೇಡಂ. ಮುಂಜಾನಿ ಆಕೀನೂ ಬಂದ್ಲು. ಆದ್ರ ಹುಡುಗ್ಯಾರು ಗೇಟ್ ತೆಗೀಲಿಲ್ರಿ!”

“ಯಾಕ್ರಿ?”

“‘ಆಯಿ, ಮೊದ್ಲು ಕಾಗದ ತೋರಿಸು’ ಅಂದ್ರು. ಸರಳಿನ್ಯಾಗ ಕೊಟ್ಲು. ಎಲ್ರೂ ಓದಿದ್ರು. ಆಮ್ಯಾಲ ಒಬ್ಬಾಕಿ ಅಂದ್ಲು, ‘ಫೋಟೋದಾಗ ದಪ್ಪ ಇದ್ದಿ!’”

ಎಷ್ಟು ನಿಮಿಷ ನಿಲ್ಲಿಸಿದರು ಎಂದು ಡೈರಿ ತೆರೆದು ಕೇಳಿದೆ. ಹಿಂದೆ ಹುಡುಗಿಯರ ನಗು ಜೋರಾಗಿತ್ತು. ನನ್ನ ಪ್ರಶ್ನೆ ಶೋಭಾ ಅವರಿಗೆ ಕೇಳಿಸಲಿಲ್ಲ.